ರೋಗದ ಗುರುತುಗಳನ್ನು ಓದುವ ಬಗೆ

ಈ ಸ್ಮರಣ ಸಂಚಿಕೆಗೆ ವಿಜ್ಞಾನದ ವಿಷಯವಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ತೆಗೆದುಕೊಳ್ಳುವದೆಂದು ನಾವು ಬಹಳ ಹೊತ್ತು ಯೋಚಿಸಬೇಕಾಗಿ ಬರಲಿಲ್ಲ. ಯಾಕಂದರೆ ಮಕ್ಕಳ ರಜೆಯ ಅರ್ಜಿಗಳೊಂದಿಗೆ ತಂದೆತಾಯಿಗಳು ತಂದು ತೋರಿಸುವ ರಕ್ತಪರೀಕ್ಷೆಯ ಚೀಟಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇವೆ. ಅವುಗಳಲ್ಲಿ ಇ.ಎಸ್.ಆರ್., ಸಿ.ಆರ್.ಪಿ., ವಿಡಾಲ್, ಎ.ಎಸ್.ಓ. ಎಂಬ ಅಕ್ಷರಗಳೂ, ಅವುಗಳ ಎದುರಿಗೆ ಕೆಲವು ಅಂಕಿಗಳೂ ಇರುತ್ತವೆ. ಅಂಕಿಯು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ, “ಟೀಚರ್, ಇದು ಜಾಸ್ತಿಯಾಗಿದೆಯಂತೆ” ಎಂದು ಹೇಳುವ ತಾಯಿಯ ಮುಖದಲ್ಲಿ ಭಯವು ಕಾಣುತ್ತದೆ. ದಪ್ಪಕ್ಷರವಿಲ್ಲದಿದ್ದರೆ ಏನೂ ಇಲ್ಲವೆಂಬ ನಿಶ್ಚಿಂತೆಯು ಕಾಣುತ್ತದೆ. ಆ ಭಯವೂ ಈ ನಿಶ್ಚಿಂತೆಯೂ ಎರಡೂ ಕೆಲವು ಸಾರಿ ತಪ್ಪಾಗಿರುವದನ್ನು ನಾವು ಕಂಡಿದ್ದೇವೆ. ನಾವು ವೈದ್ಯರಲ್ಲ, ವಿಜ್ಞಾನವನ್ನು ಕಲಿಸುವ ಉಪಾಧ್ಯಾಯಿನಿಯರು ಮಾತ್ರ. ಆದುದರಿಂದ ಔಷಧದ ಮಾತನ್ನು ವೈದ್ಯರಿಗೇ ಬಿಟ್ಟು, ಈ ಗುರುತುಗಳು ಎಲ್ಲಿಂದ ಬಂದವು, ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬಷ್ಟನ್ನೇ ಇಲ್ಲಿ ತಿಳಿಯಪಡಿಸುತ್ತೇವೆ.

ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸುವ ದೃಷ್ಟಾಂತವು ನಮ್ಮ ತರ್ಕಶಾಸ್ತ್ರದಲ್ಲಿ ಬಹು ಹಳೆಯದು. ಆದರೆ ಹೊಗೆಯು ಬೆಂಕಿಯಿದೆ ಎಂದು ಹೇಳುವದೇ ಹೊರತು, ಅದು ಒಲೆಯ ಬೆಂಕಿಯೋ ಹುಲ್ಲಿನ ಬಣವೆಗೆ ಬಿದ್ದ ಬೆಂಕಿಯೋ ಎಂಬದನ್ನು ಹೇಳುವದಿಲ್ಲ. ಅದನ್ನು ತಿಳಿಯಬೇಕಾದರೆ ಎದ್ದು ಹೋಗಿ ನೋಡಬೇಕು. ವಾಚಕರು ಈ ಮಾತನ್ನು ಪಾಠದ ಕಡೆಯ ವರೆಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ.

ರೋಗದ ಗುರುತನ್ನು ಅಂಕಿಯಾಗಿ ಬರೆದಿಡುವ ಪದ್ಧತಿಯು ಜ್ವರಮಾಪಕದಿಂದ ಬಲಗೊಂಡಿತು. ಜರ್ಮನಿಯ ಲೈಪ್‌ಸಿಗ್ ಪಟ್ಟಣದ ಕಾರ್ಲ್ ವುಂಡರ್‌ಲಿಖ್ ಎಂಬ ವೈದ್ಯನು ಸಾವಿರಾರು ರೋಗಿಗಳ ಮೈಶಾಖವನ್ನು ದಿನದಿನವೂ ಅಳೆದು, 1868ನೆಯ ಇಸವಿಯಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದು ವರೆಗೆ ಜ್ವರವೇ ಒಂದು ರೋಗವೆಂದು ತಿಳಿದಿದ್ದ ವೈದ್ಯರು, ಜ್ವರವು ನಾನಾ ರೋಗಗಳ ಲಕ್ಷಣ ಮಾತ್ರವೆಂದು ಆ ಮೇಲೆ ಒಪ್ಪಿಕೊಳ್ಳತೊಡಗಿದರು. ಆಗಿನ ಜ್ವರಮಾಪಕವು ಹೆಚ್ಚು ಕಡಿಮೆ ಒಂದು ಅಡಿ ಉದ್ದವಿದ್ದು, ಅದನ್ನು ಕಂಕುಳಲ್ಲಿಟ್ಟುಕೊಂಡು ಸುಮಾರು ಇಪ್ಪತ್ತು ನಿಮಿಷ ಕಾಯಬೇಕಾಗಿತ್ತು. ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಎಂಬವರು ಅದೇ ಕಾಲದಲ್ಲಿ ಆರು ಅಂಗುಲದ ಜ್ವರಮಾಪಕವನ್ನು ಮಾಡಿಸಿದ್ದರಿಂದ ಅದು ವೈದ್ಯರ ಜೇಬಿಗೆ ಬಂತು. ಅಲ್ಲಿಂದ ಕಾಲಕ್ರಮದಲ್ಲಿ ನಮ್ಮೆಲ್ಲರ ಮನೆಗಳಿಗೂ ಬಂತು.

ಇನ್ನು ಇ.ಎಸ್.ಆರ್. ಎಂಬದನ್ನು ನೋಡೋಣ. ಹೆಪ್ಪುಗಟ್ಟದಂತೆ ಔಷಧವನ್ನು ಬೆರಸಿದ ರಕ್ತವನ್ನು ಒಂದು ಸಪುರವಾದ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸಿದರೆ, ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿದು ಮೇಲೆ ಹಳದಿ ಬಣ್ಣದ ತಿಳಿದ್ರವವು ಉಳಿಯುವದು. ಒಂದು ಗಂಟೆಯಲ್ಲಿ ಆ ತಿಳಿಯು ಎಷ್ಟು ಮಿಲಿಮೀಟರ್ ಕಂಡಿತೋ ಅದೇ ಇ.ಎಸ್.ಆರ್. ಅಕ್ಕಿಹಿಟ್ಟನ್ನು ನೀರಿನಲ್ಲಿ ಕಲಸಿಟ್ಟರೆ ಅದು ತಳಕ್ಕಿಳಿಯುವದು ತಡ. ಅಕ್ಕಿಯ ತರಿಯನ್ನು ಹಾಕಿದರೆ ಕೂಡಲೇ ಮುಳುಗುವದು. ರಕ್ತದಲ್ಲಿಯೂ ಹಾಗೆಯೇ. ದೇಹದಲ್ಲಿ ಉರಿಯೂತವಿದ್ದಾಗ ಫೈಬ್ರಿನೋಜನ್ ಮೊದಲಾದ ಪ್ರೋಟೀನುಗಳು ರಕ್ತದಲ್ಲಿ ಹೆಚ್ಚುವದರಿಂದ, ಕೆಂಪು ಕಣಗಳು ಒಂದರ ಮೇಲೊಂದು ನಾಣ್ಯಗಳ ಹಾಗೆ ಅಂಟಿಕೊಂಡು, ಭಾರವಾಗಿ ಬೇಗನೆ ಇಳಿಯುತ್ತವೆ. ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ ಎಂಬ ವೈದ್ಯನು 1897ರಲ್ಲಿಯೇ ಇದನ್ನು ಬರೆದಿದ್ದರೂ ಲೋಕವು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. 1918ರಲ್ಲಿ ಸ್ವೀಡನ್ನಿನ ರಾಬಿನ್ ಫೋರೇಯಸ್ ಎಂಬವರು ಗರ್ಭಿಣಿಯರ ರಕ್ತವು ಬೇಗ ಇಳಿಯುವದನ್ನು ಕಂಡು, ಇದರಿಂದ ಗರ್ಭವನ್ನು ಗುರುತಿಸಬಹುದೋ ಎಂದು ಪರೀಕ್ಷಿಸುತ್ತಿದ್ದರು. 1921ರಲ್ಲಿ ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ ಎಂಬವರು ಕ್ಷಯರೋಗಿಗಳಲ್ಲಿ ಇದನ್ನು ಉಪಯೋಗಿಸಿ ಕ್ರಮವನ್ನು ನಿಶ್ಚಯಿಸಿದರು. ಅವರ ಹೆಸರಿನ ಕ್ರಮವು ಇಂದಿಗೂ ನಡೆಯುತ್ತಿದೆ.

ಇಲ್ಲಿ ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ರಕ್ತಹೀನತೆಯಿಂದಲೂ ಇ.ಎಸ್.ಆರ್. ಹೆಚ್ಚುವದು, ಗರ್ಭದಿಂದಲೂ ಹೆಚ್ಚುವದು. ನಮ್ಮ ನಾಡಿನ ಹುಡುಗಿಯರಲ್ಲಿ ರಕ್ತಹೀನತೆಯು ಎಷ್ಟು ಸಾಧಾರಣವೆಂಬದು ಎಲ್ಲರಿಗೂ ಗೊತ್ತು. ಹೀಗಿರಲಾಗಿ ಚೀಟಿಯಲ್ಲಿ 35 ಎಂದು ಕಂಡ ಮಾತ್ರಕ್ಕೆ ಮಗಳಿಗೆ ಕ್ಷಯವೆಂದು ಹೆದರಿ ರಾತ್ರಿಯೆಲ್ಲಾ ಅಳುವದಕ್ಕೆ ಕಾರಣವಿಲ್ಲ. ಮೊದಲು ಅದೇ ಚೀಟಿಯಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ವೈದ್ಯರನ್ನು ಕೇಳಬೇಕು.

ಸಿ.ಆರ್.ಪಿ.ಯ ಕಥೆಯು ಇದಕ್ಕಿಂತ ಸ್ವಾರಸ್ಯವಾದದ್ದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ಆಸ್ವಾಲ್ಡ್ ಏವರಿ ಎಂಬವರ ಪ್ರಯೋಗಶಾಲೆಯು ನ್ಯುಮೋನಿಯಾ ರೋಗದ ಶೋಧನೆಯಲ್ಲಿ ತೊಡಗಿತ್ತು. ಆಗ ಪೆನಿಸಿಲಿನ್ ಔಷಧವು ಬಳಕೆಗೆ ಬಂದಿರಲಿಲ್ಲ. ನ್ಯುಮೋನಿಯಾ ಹಿಡಿದವರು ಒಂದು ವಾರದ ಸುಮಾರಿಗೆ ಸಂಧಿಕಾಲಕ್ಕೆ ಮುಟ್ಟುವರು. ಆ ದಿನ ಜ್ವರವು ಒಮ್ಮೆಗೇ ಇಳಿದರೆ ಬದುಕಿದರು, ಇಲ್ಲವಾದರೆ ಹೋದರು. ರೋಗಾಣುವಿನಲ್ಲಿ ಹಲವು ಜಾತಿಗಳಿದ್ದು, ಆಯಾ ಜಾತಿಗೆ ತಕ್ಕ ಸೀರಂ ಔಷಧವನ್ನು ಕುದುರೆಗಳ ರಕ್ತದಿಂದ ಸಿದ್ಧಮಾಡಿ ಕೊಡುತ್ತಿದ್ದರು. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ತರುಣ ವೈದ್ಯರು, ಎಲ್ಲಾ ಜಾತಿಯ ನ್ಯುಮೋನಿಯಾ ರೋಗಾಣುಗಳಿಗೂ ಸಮಾನವಾದ ಒಂದು ಪದಾರ್ಥವನ್ನು ಅವುಗಳ ದೇಹದಿಂದ ಬೇರ್ಪಡಿಸಿ, ಅದನ್ನು ‘ಸಿ’ ಅಂಶವೆಂದು ಕರೆದು, ರೋಗಿಗಳ ರಕ್ತರಸದೊಂದಿಗೆ ಬೆರಸಿ ನೋಡಿದರು.

ಅಂಥ ಪರೀಕ್ಷೆಯಲ್ಲಿ ಸಾಧಾರಣವಾಗಿ ಏನಾಗಬೇಕು? ರೋಗವು ಬಂದ ಹೊಸತರಲ್ಲಿ ರಕ್ತದಲ್ಲಿ ಪ್ರತಿವಸ್ತುಗಳಿರುವದಿಲ್ಲ. ದಿನಗಳು ಕಳೆದು ರೋಗಿಯು ಗುಣವಾಗುತ್ತ ಬಂದ ಹಾಗೆ ಅವು ಹುಟ್ಟಿ ಹೆಚ್ಚಬೇಕು. ಆದುದರಿಂದ ಕೊಳವೆಯ ತಳದಲ್ಲಿ ಬೆಳ್ಳಗಿನ ಗಷ್ಟು ಮೊದಲು ಕಾಣದೆ, ಕಡೆಯಲ್ಲಿ ಕಾಣಿಸಿಕೊಳ್ಳಬೇಕು. ಅವರು ಕಂಡದ್ದು ಇದಕ್ಕೆ ಸಂಪೂರ್ಣ ತಿರುಗುಮುರುಗು. ರೋಗಿಯು ಅತ್ಯಂತ ಕಷ್ಟದಲ್ಲಿದ್ದಾಗ ಗಷ್ಟು ದಟ್ಟವಾಗಿತ್ತು. ಸಂಧಿಕಾಲವು ಕಳೆದು ಜ್ವರ ಬಿಟ್ಟ ಮೇಲೆ ಅದು ಇಲ್ಲದೆ ಹೋಯಿತು. ಆರೋಗ್ಯವಂತರ ರಕ್ತದಲ್ಲಿ ಅದು ಕಾಣಲಿಲ್ಲ. ನ್ಯುಮೋನಿಯಾ ಅಲ್ಲದ ಬೇರೆ ಕೆಲವು ರೋಗಗಳಲ್ಲಿಯೂ ಕಂಡಿತು! ಲೆಕ್ಕ ತಪ್ಪಿತೆಂದು ಆ ಕೊಳವೆಗಳನ್ನು ತೊಳೆದಿಡುವದು ಸುಲಭವಾಗಿತ್ತು. ಅವರು ಹಾಗೆ ಮಾಡದೆ, ಕಂಡದ್ದನ್ನು ಕಂಡ ಹಾಗೆಯೇ 1930ನೆಯ ಇಸವಿಯಲ್ಲಿ ಪ್ರಕಟಿಸಿದರು. ಪ್ರಯೋಗದ ತರಗತಿಯಲ್ಲಿ ಪುಸ್ತಕದ ಉತ್ತರ ಬಾರದಿದ್ದರೆ ಅಂಕಿಯನ್ನು ಮೆಲ್ಲಗೆ ತಿದ್ದಿ ಬರೆಯುವ ನಮ್ಮ ವಿದ್ಯಾರ್ಥಿನಿಯರು (ಹಳೆಯ ವಿದ್ಯಾರ್ಥಿನಿಯರೂ ಇದನ್ನು ಓದಿ ನಗುತ್ತಿರಬಹುದು) ಈ ಭಾಗವನ್ನು ಎರಡು ಸಾರಿ ಓದಲಿ.

1941ರಲ್ಲಿ ಏವರಿಯವರೂ ಅವರ ಜೊತೆಗಾರರೂ ಈ ವಸ್ತುವು ಒಂದು ಪ್ರೋಟೀನೆಂದೂ, ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇದ್ದರೆ ಮಾತ್ರ ಅದು ‘ಸಿ’ ಅಂಶವನ್ನು ಹಿಡಿಯುವದೆಂದೂ ತೋರಿಸಿದರು. ‘ಸಿ’ಯನ್ನು ಹಿಡಿಯುವ ಪ್ರೋಟೀನಾದ್ದರಿಂದಲೇ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು. 1947ರಲ್ಲಿ ಮ್ಯಾಕ್ಲಿನ್ ಮೆಕಾರ್ಟಿ ಎಂಬವರು ಅದನ್ನು ಹರಳುಗಳಾಗಿ ಪಡೆದರು. ಇದರ ನಡುವೆ, 1944ರಲ್ಲಿ, ಇದೇ ಏವರಿ, ಮೆಕಾರ್ಟಿ ಮತ್ತು ಕಾಲಿನ್ ಮ್ಯಾಕ್ಲೌಡ್ ಎಂಬ ಮೂವರು ಅದೇ ನ್ಯುಮೋನಿಯಾ ರೋಗಾಣುವಿನ ಸಹಾಯದಿಂದ, ಅನುವಂಶದ ಗುಣಗಳನ್ನು ಸಾಗಿಸುವ ವಸ್ತುವು ಡಿ.ಎನ್.ಎ. ಎಂದು ತೋರಿಸಿಕೊಟ್ಟರು. ಟಿಲೆಟ್ ಅವರು 1933ರಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಪದಾರ್ಥವನ್ನು ಕಂಡುಹಿಡಿದರು. ಅದು ಮುಂದೆ ಹೃದಯಾಘಾತಕ್ಕೆ ಔಷಧವಾಯಿತು. ಫ್ರಾನ್ಸಿಸ್ ಅವರು 1954ರಲ್ಲಿ ಪೋಲಿಯೋ ಲಸಿಕೆಯ ಮಹಾ ಪರೀಕ್ಷೆಯನ್ನು ನಡಿಸಿದವರು.

ಈ ಸಿ.ಆರ್.ಪಿ.ಯನ್ನು ಯಕೃತ್ತು ತಯಾರಿಸುತ್ತದೆ. ದೇಹದ ಯಾವ ಮೂಲೆಯಲ್ಲಿ ಗಾಯವಾದರೂ ರೋಗಾಣು ಹೊಕ್ಕರೂ ಅಲ್ಲಿಯ ಕಣಗಳು ರಕ್ತದ ಮೂಲಕ ಸಮಾಚಾರವನ್ನು ಕಳುಹಿಸುತ್ತವೆ. ಅದು ಮುಟ್ಟಿದ ಕೂಡಲೇ ಯಕೃತ್ತು ಕೆಲಸಕ್ಕೆ ತೊಡಗುತ್ತದೆ. ಸುಮಾರು 6 ಗಂಟೆಗಳಲ್ಲಿ ರಕ್ತದಲ್ಲಿ ಏರಿಕೆ ಕಾಣುವದು, ಸುಮಾರು 48 ಗಂಟೆಗಳಲ್ಲಿ ಶಿಖರವನ್ನು ಮುಟ್ಟುವದು. ಆರೋಗ್ಯವಂತರಲ್ಲಿ ಅನೇಕರಿಗೆ ಒಂದು ಲೀಟರಿಗೆ 3 ಮಿಲಿಗ್ರಾಮಿಗಿಂತಲೂ ಕಡಿಮೆ ಇರುವ ಈ ವಸ್ತು, ಕಠಿಣವಾದ ಸೋಂಕಿನಲ್ಲಿ 100ನ್ನು ದಾಟುವದು, 500ರ ಮೇಲೆ ಹೋಗುವದೂ ಉಂಟು. ಅದು ರೋಗಾಣುವಿನ ಮೈಗೆ ಅಂಟಿಕೊಂಡು, ದೇಹದ ಕಾವಲು ಕಣಗಳಿಗೆ ಹಗೆಯನ್ನು ಗುರುತು ಹಚ್ಚಿಕೊಡುತ್ತದೆ. ಹುಟ್ಟುವ ಕಾರಣವು ನಿಂತಿತೆಂದರೆ ಸುಮಾರು 19 ಗಂಟೆಗಳಿಗೆ ಅರ್ಧದಂತೆ ಇಳಿದುಹೋಗುತ್ತದೆ. ಇ.ಎಸ್.ಆರ್. ಇಳಿಯುವದಕ್ಕೆ ವಾರಗಟ್ಟಲೆ ಹಿಡಿಯುವದರಿಂದ, ಔಷಧವು ನಾಟಿತೋ ಇಲ್ಲವೋ ಎಂದು ಬೇಗ ತಿಳಿಯಲು ವೈದ್ಯರು ಸಿ.ಆರ್.ಪಿ.ಯನ್ನೇ ನೆಚ್ಚುತ್ತಾರೆ. ಹೀಗಾಗಿ ಒಂದು ದಿನದ ಅಂಕಿಗಿಂತ, ಎರಡು ದಿನಗಳ ಅಂತರದಲ್ಲಿ ತೆಗೆದ ಎರಡು ಅಂಕಿಗಳು ಹೆಚ್ಚು ಮಾತಾಡುತ್ತವೆ.

ಒಂದು ಸಣ್ಣ ಎಚ್ಚರಿಕೆ. ಕೆಲವು ಪ್ರಯೋಗಶಾಲೆಗಳು ಲೀಟರಿನ ಲೆಕ್ಕದಲ್ಲಿಯೂ ಕೆಲವು ಡೆಸಿಲೀಟರಿನ ಲೆಕ್ಕದಲ್ಲಿಯೂ ಬರೆಯುತ್ತವೆ. ಒಂದರಲ್ಲಿ 48 ಎಂದಿರುವದು ಇನ್ನೊಂದರಲ್ಲಿ 4.8 ಆಗುವದು. ನಿನ್ನೆ 48 ಇದ್ದದ್ದು ಇಂದು 4.8ಕ್ಕೆ ಇಳಿಯಿತೆಂದು ಸಂತೋಷಪಡುವ ಮುಂಚೆ ಅಂಕಿಯ ಪಕ್ಕದಲ್ಲಿರುವ ಚಿಕ್ಕ ಅಕ್ಷರಗಳನ್ನು ಓದಿರಿ. ಗಣಿತದಲ್ಲಿ ಮಾನವನ್ನು ಬರೆಯದ ಉತ್ತರಕ್ಕೆ ನಾವು ಅರ್ಧ ಗುಣವನ್ನು ಕಳೆಯುತ್ತಿದ್ದುದು ಇದಕ್ಕಾಗಿಯೇ.

ಸಾಧಾರಣವಾಗಿ ಬ್ಯಾಕ್ಟೀರಿಯಾಗಳ ಸೋಂಕಿನಲ್ಲಿ ಸಿ.ಆರ್.ಪಿ. ಬಹಳವೂ ವೈರಸ್ಸುಗಳ ಸೋಂಕಿನಲ್ಲಿ ಸ್ವಲ್ಪವೂ ಏರುವದೆಂದು ಹೇಳುವರು. ಆದರೆ ಇದು ಗೆರೆ ಕೊರೆದ ಹಾಗೆ ನಿಲ್ಲುವ ನಿಯಮವಲ್ಲ. 2020 ಮತ್ತು 2021ರಲ್ಲಿ ಕೋವಿಡ್ ರೋಗವು ಬಲಿತವರಲ್ಲಿ ಈ ಅಂಕಿಯು ಬಹಳ ಮೇಲೇರಿದ್ದನ್ನು ಎಷ್ಟೋ ಮನೆಗಳವರು ಕಣ್ಣಾರೆ ಕಂಡರು. ಕೋವಿಡ್ ವೈರಸ್ಸಿನ ರೋಗ. ಹೊಗೆಯ ದೃಷ್ಟಾಂತವನ್ನು ಇಲ್ಲಿ ನೆನಸಿಕೊಳ್ಳಬೇಕು.

ವಿಡಾಲ್ ಪರೀಕ್ಷೆಯ ಕುರಿತು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುವೆವು, ಯಾಕಂದರೆ ಅದರಿಂದಾಗುವ ಗೊಂದಲವು ದೊಡ್ಡದಾದರೂ ಅದರ ತತ್ತ್ವವು ಸರಳ. 1896ರಲ್ಲಿ ಪ್ಯಾರಿಸಿನ ಫರ್ನಾಂಡ್ ವಿಡಾಲ್ ಎಂಬವರು, ವಿಷಮಶೀತಜ್ವರದ ರೋಗಿಯ ರಕ್ತರಸವು ಆ ಜ್ವರದ ಕ್ರಿಮಿಗಳನ್ನು ಗುಂಪುಗುಂಪಾಗಿ ಅಂಟಿಸುವದೆಂದು ತೋರಿಸಿದರು. ಆದರೆ ಅಂಟಿಸುವ ಪ್ರತಿವಸ್ತುಗಳು ಜ್ವರದ ಮೊದಲ ವಾರದಲ್ಲಿ ಇಲ್ಲದಿರಬಹುದು. ಹಿಂದೆ ಬಂದಿದ್ದ ಜ್ವರದಿಂದಲೋ ಹಾಕಿಸಿಕೊಂಡ ಲಸಿಕೆಯಿಂದಲೋ ಬೇರೆ ಕ್ರಿಮಿಗಳಿಂದಲೋ ಅವು ರಕ್ತದಲ್ಲಿ ಉಳಿದಿರಲೂಬಹುದು. ಜ್ವರ ಬಂದ ಎರಡನೆಯ ದಿನ ಒಂದೇ ಒಂದು ಸಾರಿ ಈ ಪರೀಕ್ಷೆಯನ್ನು ಮಾಡಿಸಿ ಟೈಫಾಯಿಡ್ ಎಂದು ನಿಶ್ಚಯಿಸಿ, ಹುಡುಗಿಯನ್ನು ಒಂದು ತಿಂಗಳು ಗಂಜಿಯ ಮೇಲೆ ಮಲಗಿಸುವದನ್ನು ನಾವು ಪ್ರತಿ ಮಳೆಗಾಲದಲ್ಲಿ ನೋಡುತ್ತೇವೆ. ಔಷಧವನ್ನು ಆರಂಭಿಸುವ ಮುಂಚೆ ರಕ್ತವನ್ನು ತೆಗೆದು ಅದರಲ್ಲಿ ಕ್ರಿಮಿಯನ್ನೇ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯು ಇದಕ್ಕಿಂತ ಎಷ್ಟೋ ನಂಬತಕ್ಕದ್ದು.

ಈಗ ಎ.ಎಸ್.ಓ. ಎಂಬ ನಾಲ್ಕನೆಯ ಗುರುತಿಗೆ ಬರುವಾಗ ಒಬ್ಬ ಮಹಿಳೆಯ ಹೆಸರನ್ನು ಹೇಳಲೇಬೇಕು. ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ಎಂಬವರು 1895ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಲಿತು, ಮನೆಯ ಸಹಾಯಕ್ಕಾಗಿ ಒಂದು ವರ್ಷ ವರ್ಮಾಂಟ್ ಸಂಸ್ಥಾನದ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಪಾಠ ಹೇಳಿದರು. 1918ರಲ್ಲಿ ಮೇಲೆ ಹೇಳಿದ ರಾಕ್‌ಫೆಲರ್ ಸಂಸ್ಥೆಯಲ್ಲಿ ಏವರಿಯವರ ಕೈಕೆಳಗೆ ಸಹಾಯಕಿಯಾಗಿ ಸೇರಿದವರು, ತಮ್ಮ ಆಯುಷ್ಯದ ಹೆಚ್ಚಿನ ಭಾಗವನ್ನು ಅಲ್ಲಿಯೇ ಸ್ಟ್ರೆಪ್ಟೋಕಾಕಸ್ ಎಂಬ ಸರಮಾಲೆಯಾಕಾರದ ರೋಗಾಣುವಿನ ಶೋಧನೆಯಲ್ಲಿ ಕಳೆದರು. ಒಂದೇ ರೀತಿ ಕಾಣುವ ಆ ಅಣುಗಳನ್ನು 1933ರಲ್ಲಿ ಎ, ಬಿ, ಸಿ ಮೊದಲಾದ ಗುಂಪುಗಳಾಗಿ ವಿಂಗಡಿಸಿ, ಮನುಷ್ಯರ ಗಂಟಲನ್ನು ಕೆಡಿಸುವದು ‘ಎ’ ಗುಂಪಿನದೆಂದು ತೋರಿಸಿದವರು ಅವರೇ. ಅವರು 1981ರಲ್ಲಿ ತೀರಿಕೊಂಡರು. ಆ ವಿಂಗಡಣೆಯು ಅವರ ಹೆಸರಿನಿಂದಲೇ ಇಂದಿಗೂ ಪ್ರಯೋಗಶಾಲೆಗಳಲ್ಲಿ ನಡೆಯುತ್ತದೆ.

‘ಎ’ ಗುಂಪಿನ ಗಂಟಲುಬೇನೆಯು ತಾನಾಗಿಯೇ ನಾಲ್ಕು ದಿನಗಳಲ್ಲಿ ಹೋದೀತು. ಆದರೆ ಐದರಿಂದ ಹದಿನೈದು ವರ್ಷ ಪ್ರಾಯದ ಕೆಲವು ಮಕ್ಕಳಲ್ಲಿ, ಎರಡು ಮೂರು ವಾರಗಳು ಕಳೆದ ಮೇಲೆ, ರೋಗಾಣುವಿನ ಮೇಲೆ ಹೊರಟ ದೇಹದ ಸೈನ್ಯವು ತನ್ನವರನ್ನೇ ಹಗೆಗಳೆಂದು ತಿಳಿದು, ಕೀಲುಗಳ ಮೇಲೂ ಹೃದಯದ ಕವಾಟಗಳ ಮೇಲೂ ಬೀಳುವದು. ಇದು ರುಮ್ಯಾಟಿಕ್ ಜ್ವರ, ಅಂದರೆ ಕೀಲುವಾತಜ್ವರ. ನೋವು ಇಂದು ಮೊಣಕಾಲಿನಲ್ಲಿ, ನಾಳೆ ಹಿಮ್ಮಡಿಯ ಗಂಟಿನಲ್ಲಿ, ನಾಡಿದ್ದು ಮೊಣಕೈಯಲ್ಲಿ ಎಂದು ಜಾಗ ಬದಲಾಯಿಸುವದು. ಬೆಳೆಯುವ ಮಕ್ಕಳಿಗೆ ಬರುವ ಕಾಲುನೋವೆಂದು ಹಿರಿಯರು ಎಣ್ಣೆ ತಿಕ್ಕುವರು. ಕೀಲುಗಳು ಸುಧಾರಿಸುತ್ತವೆ, ಹೃದಯದ ಕವಾಟವು ಎಲ್ಲರಲ್ಲಿ ಸುಧಾರಿಸುವದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ತಿಳಿಯುವದು ಮದುವೆಯಾಗಿ ಗರ್ಭ ನಿಂತ ಮೇಲೆ. ಗರ್ಭಿಣಿಯ ರಕ್ತದ ಪ್ರಮಾಣವು ಹತ್ತಿರ ಹತ್ತಿರ ಒಂದೂವರೆ ಪಾಲಾಗುವಾಗ, ಇಕ್ಕಟ್ಟಾದ ಕವಾಟವು ಆ ಪ್ರವಾಹವನ್ನು ತಾಳಲಾರದೆ ಉಸಿರು ಕಟ್ಟುವದು.

ಎ.ಎಸ್.ಓ. ಪರೀಕ್ಷೆಯು 1932ರಲ್ಲಿ ಹೊರಬಂತು. ಅದು ಸ್ಟ್ರೆಪ್ಟೋಕಾಕಸ್ ಈಚೆಗೆ ಬಂದು ಹೋಗಿದೆಯೆಂದು ಮಾತ್ರ ಹೇಳುವದು. ಗಂಟಲುಬೇನೆಗಳು ಸಾಧಾರಣವಾಗಿರುವ ನಮ್ಮ ನಾಡಿನಲ್ಲಿ ಆರೋಗ್ಯವಾಗಿರುವ ಮಕ್ಕಳಲ್ಲಿಯೂ ಅದು ಏರಿರಬಹುದು; ಅದೊಂದನ್ನೇ ನೋಡಿ ಮಗುವಿಗೆ ಹೃದ್ರೋಗವೆಂದು ಮುದ್ರೆಯೊತ್ತಲಾಗದು. ಅಮೆರಿಕದ ಡಕೆಟ್ ಜೋನ್ಸ್ ಎಂಬ ವೈದ್ಯರು 1944ರಲ್ಲಿ ಈ ರೋಗವನ್ನು ನಿಶ್ಚಯಿಸಲು ಒಂದು ಪಟ್ಟಿಯನ್ನು ಮಾಡಿದರು. ಅದರ ಪರಿಷ್ಕರಣೆಗಳು 2015ರ ವರೆಗೆ ನಡೆದಿವೆ. ಆ ಪಟ್ಟಿಯಲ್ಲಿ ಹೃದಯ, ಕೀಲು ಮೊದಲಾದವುಗಳಲ್ಲಿ ವೈದ್ಯರು ಕೈಯಿಂದ, ಕಿವಿಯಿಂದ, ಕಣ್ಣಿಂದ ಕಾಣುವವು ಮುಖ್ಯ ಲಕ್ಷಣಗಳು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಉಪಲಕ್ಷಣಗಳು.

ಮುಖ್ಯ ಲಕ್ಷಣಗಳಲ್ಲಿ ಒಂದರ ಕುರಿತು ನಾವು ಸುಮ್ಮನಿದ್ದರೆ ನಮ್ಮ ಮನಸ್ಸು ಒಪ್ಪದು. ಹಲವು ವರ್ಷಗಳ ಹಿಂದೆ ನಾವು ಕಲಿಸುತ್ತಿದ್ದ ಒಂದು ಊರಿನ ಶಾಲೆಯಲ್ಲಿ, ಎಂಟನೆಯ ತರಗತಿಯ ಒಬ್ಬ ಹುಡುಗಿಯು ಮುತ್ತಿನಂಥ ಅಕ್ಷರ ಬರೆಯುತ್ತಿದ್ದಳು. ದಸರಾ ರಜೆಯಾದ ಮೇಲೆ ಅವಳ ಬರವಣಿಗೆಯು ಗೆರೆಯ ಮೇಲೆ ನಿಲ್ಲದಾಯಿತು. ಕುಳಿತಲ್ಲಿ ಕುಳಿತಿರದೆ ಭುಜ ಕುಣಿಸುವಳು, ಹುಬ್ಬು ಹಾರಿಸುವಳು. ಊಟದ ಮನೆಯಲ್ಲಿ ಎರಡು ಸಾರಿ ತಟ್ಟೆಯನ್ನು ಕೆಡವಿದಳು. ನಾವು ಅದನ್ನು ಉದ್ಧಟತನವೆಂದೇ ತಿಳಿದು, ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ “ಅಲಕ್ಷ್ಯ” ಎಂದು ಬರೆದೆವು. ಒಂದು ದಿನ ತರಗತಿಯ ಹೊರಗೂ ನಿಲ್ಲಿಸಿದೆವು. ಮನೆಯಲ್ಲಿ ಅಜ್ಜಿಯು ಯಾರದೋ ದೃಷ್ಟಿ ತಾಕಿತೆಂದು ನೂಲು ಕಟ್ಟಿಸಿದರು. ವಸತಿಗೃಹದ ಮೇಲ್ವಿಚಾರಕಿಯವರು ಮಾತ್ರ ಒಂದು ಸಂಗತಿಯನ್ನು ಕಂಡರು. “ನಿದ್ದೆ ಹತ್ತಿದ ಮೇಲೆ ಆ ಮಗು ಕಲ್ಲಿನ ಹಾಗೆ ಅಲ್ಲಾಡದೆ ಮಲಗುತ್ತದೆ ಟೀಚರ್, ಬೇಕೆಂದು ಮಾಡುವವಳಾದರೆ ನಾವು ನೋಡುವಾಗಲೇ ಮಾಡಬೇಕಲ್ಲವೇ, ಒಬ್ಬಳೇ ಇರುವಾಗಲೂ ಯಾಕೆ ಮಾಡುತ್ತಾಳೆ?” ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ತಂದೆಯವರು ಆಗಲೇ ರಕ್ತಪರೀಕ್ಷೆ ಮಾಡಿಸಿದ್ದರು. ಇ.ಎಸ್.ಆರ್. ಸರಿಯಾಗಿತ್ತು, ಸಿ.ಆರ್.ಪಿ. ಸರಿಯಾಗಿತ್ತು, ಚೀಟಿಯಲ್ಲಿ ಒಂದು ದಪ್ಪಕ್ಷರವೂ ಇರಲಿಲ್ಲ. ಆ ಚೀಟಿಯನ್ನು ಹಿಡಿದುಕೊಂಡೇ ಅವಳನ್ನು ಒಬ್ಬ ವೃದ್ಧ ವೈದ್ಯೆಯ ಬಳಿಗೆ ಕರೆದೊಯ್ದೆವು. ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, ತಮ್ಮ ಎರಡು ಬೆರಳುಗಳನ್ನು ಮುಂದೆ ಚಾಚಿ, “ಬಿಗಿಯಾಗಿ ಹಿಡಿ ಮಗಳೇ, ಬಿಡಬೇಡ” ಅಂದರು. ಹುಡುಗಿಯ ಹಿಡಿತವು ಬಿಗಿಯುತ್ತ ಸಡಿಲುತ್ತ, ಹಸುವಿನ ಹಾಲು ಕರೆಯುವವರ ಕೈಯಂತೆ ಆಡುತ್ತಿತ್ತು. ನಾಲಿಗೆಯನ್ನು ಹೊರಚಾಚಿ ನಿಲ್ಲಿಸಲು ಅವಳಿಂದಾಗಲಿಲ್ಲ. ಬಳಿಕ ವೈದ್ಯೆಯವರು ಎದೆಗೆ ಕೊಳವೆಯನ್ನಿಟ್ಟು ಬಹಳ ಹೊತ್ತು ಕೇಳಿ, “ಬೇಸಗೆಯಲ್ಲಿ ಗಂಟಲುನೋವು ಬಂದಿತ್ತೇ?” ಎಂದು ತಾಯಿಯನ್ನು ವಿಚಾರಿಸಿದರು. ಬಂದಿತ್ತು; ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದ್ದರು.

ಇದಕ್ಕೆ ಸಿಡೆನ್ಹ್ಯಾಮ್ ಕೊರಿಯಾ ಎಂದು ಹೆಸರು. ಇಂಗ್ಲೆಂಡಿನ ಥಾಮಸ್ ಸಿಡೆನ್ಹ್ಯಾಮ್ ಎಂಬ ವೈದ್ಯರು 1686ರಲ್ಲಿ ಇದನ್ನು ವರ್ಣಿಸಿದ್ದರು. ಅದೇ ದಾರಿತಪ್ಪಿದ ಸೈನ್ಯವು ಈ ಸಾರಿ ಮೆದುಳಿನ ಆಳದಲ್ಲಿ ಚಲನೆಯನ್ನು ಅಂಕೆಯಲ್ಲಿಡುವ ಗ್ರಂಥಿಗಳನ್ನು ಮುಟ್ಟಿರುತ್ತದೆ. ಇದು ಹುಡುಗರಿಗಿಂತ ಹುಡುಗಿಯರಲ್ಲಿಯೇ ಹೆಚ್ಚು. ಗಂಟಲುಬೇನೆಯಾಗಿ ತಿಂಗಳುಗಳು ಕಳೆದ ಮೇಲೆ ಇದು ತಲೆದೋರುವದರಿಂದ, ಅಷ್ಟರಲ್ಲಿ ಸಿ.ಆರ್.ಪಿ.ಯೂ ಇ.ಎಸ್.ಆರ್.ಉ ಇಳಿದು ಸಹಜಕ್ಕೆ ಬಂದಿರಬಹುದು, ಎ.ಎಸ್.ಓ. ಕೂಡ ಇಳಿದಿರಬಹುದು. ಆದಕಾರಣವೇ, ಬೇರೆ ಕಾರಣಗಳಿಲ್ಲವೆಂದು ಕಂಡ ಮೇಲೆ, ಈ ಲಕ್ಷಣವೊಂದೇ ರುಮ್ಯಾಟಿಕ್ ಜ್ವರವನ್ನು ನಿಶ್ಚಯಿಸಲು ಸಾಕೆಂದು ಜೋನ್ಸರ ಪಟ್ಟಿಯ ಕ್ರಮದಲ್ಲಿ ಹೇಳಿದೆ. ಆ ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ನಾಲ್ಕು ತಿಂಗಳು ತಡವಾಗಿ ಕೇಳಿದ ಪ್ರಶ್ನೆಗೆ ಅದು ಆ ದಿನದ ಉತ್ತರವನ್ನು ಕೊಟ್ಟಿತ್ತು. ಬೇನೆಯು ಅಷ್ಟರೊಳಗೆ ಅವಳ ಹೃದಯದ ಎಡಗಡೆಯ ಕವಾಟವನ್ನು ಸ್ವಲ್ಪ ಮುಟ್ಟಿತ್ತು.

ಕೈಯ ಆಟವು ಕೆಲವು ತಿಂಗಳುಗಳಲ್ಲಿ ತಾನಾಗಿಯೇ ನಿಂತಿತು. ಗಂಟಲುಬೇನೆಯು ಮತ್ತೆ ಬಾರದಂತೆ, ಬಂದು ಕವಾಟವನ್ನು ಮತ್ತಷ್ಟು ಕೆಡಿಸದಂತೆ, ಮೂರು ವಾರಗಳಿಗೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕೆಂದು ವೈದ್ಯೆಯವರು ವಿಧಿಸಿದರು. ಆ ಸೂಜಿಯು ಬಹಳ ನೋಯಿಸುವದು. ಪರೀಕ್ಷೆಯ ದಿನ, ಹಬ್ಬದ ದಿನ, ಮದುವೆಯ ಮನೆ ಎಂದು ಒಂದು ಸಾರಿ ತಪ್ಪಿದರೆ ಆ ಮೂರು ವಾರ ಕಾವಲಿಲ್ಲದ ಮನೆಯಂತಾಗುವದು. ಆದಕಾರಣ ಶಾಲೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲಾ ನಾವೇ ಗುರುತು ಹಾಕಿ, ಅವಳು ಹತ್ತನೆಯ ತರಗತಿಯನ್ನು ಮುಗಿಸುವ ವರೆಗೆ ನಮ್ಮಲ್ಲಿ ಒಬ್ಬರು ಅವಳ ಜೊತೆಗೆ ಆಸ್ಪತ್ರೆಗೆ ಹೋಗುತ್ತಿದ್ದೆವು. ಮುಂದಿನ ಜೂನ್ ತಿಂಗಳಿನಲ್ಲಿ ಅವಳ ಅಕ್ಷರವು ಹಿಂದಿನಂತೆಯೇ ಗೆರೆಯ ಮೇಲೆ ಕುಳಿತಿತು. ಕೆಂಪು ಶಾಯಿಯ ಆ ಹಳೆಯ ನೋಟ್‌ಬುಕ್ಕನ್ನು ಅವಳ ಅಪ್ಪಣೆ ಪಡೆದು ನಾವು ಇಟ್ಟುಕೊಂಡೆವು. ಹೊಸದಾಗಿ ಸೇರುವ ಉಪಾಧ್ಯಾಯಿನಿಯರಿಗೆ, ದಸರಾ ರಜೆಗೆ ಮುಂಚಿನ ಪುಟವನ್ನೂ ಅನಂತರದ ಪುಟವನ್ನೂ ಅಕ್ಕಪಕ್ಕದಲ್ಲಿ ತೆರೆದು ತೋರಿಸುತ್ತೇವೆ.